ಬೇಲಿಯೊಳಗೆ ಏಳು ಜಿಂಕೆ

ಅಕ್ಟೋಬರ್ 3, ಮಂಗಳವಾರ. ಬೆಳಿಗ್ಗೆ 5.40

ಮತ್ತೆ ಅದೇ ಕನಸು. ಗಿಡ ಎಣಿಸೋ ಇನ್‌ಸ್ಪೆಕ್ಟರ್ ಬಂದಿದ್ದಾನೆ. ಮುಖ ಇಲ್ಲ, ಬರೀ ಮಳೆಕೋಟು. ಬೇಲಿ ಸುತ್ತ ನಡೆದ. ಕಂಬ ಅಲ್ಲಾಡಿಸಿದ. ತಂತಿ ಎಳೆದ. "ಬೇಲಿ ಬಹಳ ಚೆನ್ನಾಗಿದೆ. ಒಳಗೆ ಏನಿತ್ತು?" ಅಂದ. ತಿರುಗಿ ನೋಡ್ತೀನಿ, ಒಂದು ಗಿಡ ಇಲ್ಲ. ಹುಲ್ಲೂ ಇಲ್ಲ. ಬೋಳು ಕರಿ ನೆಲ. ಅಣ್ಣ ಫಿನ್ಲೇ ನಡುವೆ ಸ್ಟೂಲ್ ಹಾಕಿಕೊಂಡು ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾನೆ. ಗಿಡ ಎಲ್ಲಿ ಅಂತ ಕೇಳಿದರೆ ತಲೆ ಎತ್ತಲಿಲ್ಲ.

ಎದ್ದು ಟೀ ಮಾಡಿದೆ. ಕಿಟಕಿಯಿಂದ ಬೇಲಿ ಕಾಣುವಷ್ಟು ಬೆಳಕಾಗಿಲ್ಲ. ಆದರೂ ಎರಡು ಸಲ ನೋಡಿದೆ.

ಮಗ್ಗಕ್ಕೆ ಕೂರಬೇಕು. ಬೂದು-ಹಸಿರು ಟ್ವೀಡ್ ಉಣ್ಣೆಬಟ್ಟೆ, ಶುಕ್ರವಾರ ಗಿರಣಿಯ ವ್ಯಾನ್ ಬರುವಷ್ಟರಲ್ಲಿ ಮುಗೀಬೇಕು.

ಅದೇ ದಿನ, ಸಂಜೆ

ದ್ವೀಪದ ಪೇಟೆ ಸ್ಟಾರ್ನೋವೇಯಿಂದ ಉನಾ ಫೋನ್ ಮಾಡಿದ್ದಳು. ಗಿಡದ ಗ್ರ್ಯಾಂಟಿನ ಕಾಗದ ನೋಡಿಕೊಳ್ಳುವ ಹುಡುಗಿ. ಐದು ವರ್ಷದ ಹಿಂದೆ ಆ ಇಂಗ್ಲಿಷ್ ಫಾರ್ಮು ಮೂವತ್ತೊಂದು ಪುಟ ನಮ್ಮ ಅಡುಗೆಮನೆ ಮೇಜಿನ ಮೇಲೇ ಕೂತು ತುಂಬಿದವಳು. ನಾನು ಹದಿನಾಲ್ಕಕ್ಕೆ ಶಾಲೆ ಬಿಟ್ಟವಳು — ಅಮ್ಮ ಹಾಸಿಗೆ ಹಿಡಿದಳು, ಅಷ್ಟೇ. ಎಣಿಸೋದು ಬರುತ್ತೆ. ನೇಯುವವರಿಗೆ ಎಣಿಸೋದು ಬರಲೇಬೇಕು.

ಇನ್‌ಸ್ಪೆಕ್ಷನ್ ಹದಿನೆಂಟಕ್ಕೆ, ಬುಧವಾರ. ಹ್ಯಾಡೋ ಅಂತ ಯಾರೋ, ಸಮುದ್ರದಾಚೆಯಿಂದ ಹಡಗಿನಲ್ಲಿ ಬರ್ತಾರಂತೆ.

"ಎಷ್ಟು ಗಿಡ ಇರಬೇಕು, ಇನ್ನೊಂದ್ಸಲ ಹೇಳಮ್ಮ" ಅಂದೆ.

"ಮರ್ಡೀನಾ, ಹೋದ ವಾರ ತಾನೇ ಹೇಳಿದೆ. ಹತ್ತು ಕಡೆ ಗೂಟ ಊರಿ ಹಗ್ಗ ಹಿಡಿದು ಸುತ್ತು ಹಾಕ್ತಾರೆ, ಸುತ್ತಿನೊಳಗೆ ಬದುಕಿರೋ ಗಿಡ ಎಣಿಸ್ತಾರೆ. ಒಂದು ಸುತ್ತಿಗೆ ಸರಾಸರಿ ಹದಿನಾರು. ಒಟ್ಟು ನೂರ ಅರವತ್ತು."

"ನೂರ ಐವತ್ತೊಂಬತ್ತಾದರೆ?"

"ಮೊದಲು ಬುಧವಾರ ಬರಲಿ."

ಅಂದರೆ ಫೇಲು. ನೇರವಾಗಿ ಹೇಳಲಿಲ್ಲ, ಒಳ್ಳೆ ಹುಡುಗಿ.

ಫೇಲಾದರೆ ಬೇಲಿಗೆ ಕೊಟ್ಟ ಗ್ರ್ಯಾಂಟ್ ವಾಪಸ್. ಅದೂ ಹೋಗಲಿ, ಮಗ್ಗ ಇದೆ, ತೀರಿಸೋಣ. ಆದರೆ ನೆಲ? ಅದು ಊರ ಕುರಿ ಮೇಯುವ ಗುಡ್ಡ, ಎಲ್ಲರಿಗೂ ಪಾಲು. ಐದು ವರ್ಷದ ಹಿಂದೆ ಸಭೆಯಲ್ಲಿ ಡೊಲಿನಾ ಎದ್ದು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸರ್ಕಾರದವರು ಎಣಿಸಿ ಸರಿ ಅಂದರೆ ಮರ ಇರಲಿ. ಇಲ್ಲ ಅಂದರೆ ಅದೇ ವಾರ ಬೇಲಿ ಕಿತ್ತು ನಮ್ಮ ಕುರಿ ಬಿಡ್ತೀವಿ. ಆಮೇಲೆ ಅಳಬಾರದು." ಅವಳು ಮೇವಿನ ಗುಡ್ಡದ ಕ್ಲರ್ಕು. ಹೇಳಿದ್ದು ಮಾಡ್ತಾಳೆ.

ಈ ಗಾಳಿಯ ಊರಲ್ಲಿ ಸೊಂಟದ ಮಟ್ಟಕ್ಕೆ ಬಂದಿವೆ. ಬರ್ಚ್, ರೋವನ್, ವಿಲ್ಲೋ, ಆಲ್ಡರ್. ಬೇಲಿ ಹೋದರೆ ಒಂದು ಚಳಿಗಾಲ ಸಾಕು ಜಿಂಕೆಗೆ.

ಅಕ್ಟೋಬರ್ 6, ಶುಕ್ರವಾರ

ಟ್ವೀಡ್ ಹೋಯ್ತು. ಮಧ್ಯಾಹ್ನವೆಲ್ಲ ನಾನೇ ಹಗ್ಗ ಹಿಡಿದು ಸುತ್ತು ಹಾಕಿದೆ. ಹದಿನೇಳು, ಹದಿನೈದು, ಹದಿನಾರು, ಹತ್ತೊಂಬತ್ತು, ಹದಿನಾಲ್ಕು… ಎಲ್ಲಿ ನಿಂತರೆ ಎಷ್ಟು ಅಂತ ನಿಂತವರ ಅದೃಷ್ಟ. ಹತ್ತು ಸುತ್ತಿಗೆ ನೂರ ಅರವತ್ತಾರು ಬಂತು. ಮತ್ತೆ ಬೇರೆ ಹತ್ತು ಕಡೆ ಹಾಕಿದೆ. ನೂರ ಅರವತ್ತಮೂರು. ಮೂರನೇ ಸಲ ಹಾಕುವಷ್ಟರಲ್ಲಿ ಫಿನ್ಲೇ ಬಂದು ಹಗ್ಗ ಕಿತ್ತುಕೊಂಡ.

"ಎಣಿಸಿದಷ್ಟೂ ಕಡಿಮೆ ಆಗ್ತಿದೆ ನೋಡು. ಬಿಟ್ಟುಬಿಡು."

"ಮೂರು ಜಾಸ್ತಿ ಇದೆ ಅಷ್ಟೇ, ಫಿನ್ಲೇ. ಮೂರು."

"ಆರು ಇತ್ತು. ನೀನು ಕಣ್ಣು ಹಾಕಿ ಮೂರಾಯ್ತು."

ಅಣ್ಣ ತಮಾಷೆ ಮಾಡೋದು ವರ್ಷಕ್ಕೆರಡು ಸಲ. ನಗಬೇಕಿತ್ತು. ನಗು ಬರಲಿಲ್ಲ.

ಅಕ್ಟೋಬರ್ 9, ಸೋಮವಾರ

ಗುಡ್ಡದ ಮೇಲೆ ಗಂಡು ಜಿಂಕೆ ಕೂಗ್ತಿದೆ. ಅವುಗಳ ಕಾಲ ಇದು. ದನಕ್ಕೆ ಗಂಟಲು ಕಟ್ಟಿದ ಹಾಗೆ ಒಂದು ಸದ್ದು. ಸೊಕ್ಕು ಏರಿದಾಗ ಕೊಂಬು ಉಜ್ಜೋಕೆ ಎಳೇ ಮರ ಬೇಕು ಅವಕ್ಕೆ. ನಮ್ಮ ಬೇಲಿ ಬಿಟ್ಟರೆ ಮೂರು ಮೈಲಿಯಲ್ಲಿ ಮರ ಅನ್ನೋದೇ ಇಲ್ಲ.

ಬೇಲಿ ಸುತ್ತ ನಡೆದೆ. ಆರಡಿ ತಂತಿ, ಎಲ್ಲ ಬಿಗಿ. ಕೆಳಗೆ ತೊರೆ ಬೇಲಿ ದಾಟುವ ಜಾಗ ಒಂದೇ ಸಂಕಟ. ನೀರಿಗೆ ಅಡ್ಡ ತಂತಿ ಕಟ್ಟೋ ಹಾಗಿಲ್ಲ. ಹಲಗೆಗೇಟು ಮೇಲಿನ ಸರಪಳಿಯಿಂದ ಇಳಿಬಿಟ್ಟಿದೆ, ನೀರು ತಳ್ಳಿದರೆ ತೂಗುತ್ತೆ, ಜಿಂಕೆ ತಳ್ಳಿದರೆ ಕೂಡ ತೂಗೀತೇ ಅಂತ ಐದು ವರ್ಷದಿಂದ ಯೋಚಿಸ್ತಿದ್ದೀನಿ. ಇಲ್ಲಿವರೆಗೆ ಒಂದೂ ನುಗ್ಗಿಲ್ಲ. ಹೋದ ವರ್ಷ ಪ್ರವಾಹಕ್ಕೆ ಕಸ ಸಿಕ್ಕಿ ಗೇಟೇ ಕಿತ್ತು ಸಮುದ್ರದವರೆಗೆ ಹೋಗಿತ್ತು. ಆಮೇಲಿಂದ ನೀರು ಏರಿದರೆ ಗೇಟು ಮೇಲೆತ್ತಿ ಹಗ್ಗದಲ್ಲಿ ಕಟ್ಟೋದು, ಇಳಿದ ಮೇಲೆ ಬಿಡೋದು. ನೀರು ಏರಿದ್ದಾಗ ಜಿಂಕೆ ಆ ಕಡೆ ಬರಲ್ಲ.

ಈ ವಾರ ನಮ್ಮ ಚರ್ಚಿನ ಪ್ರಭುಭೋಜನ. ಗುರುವಾರದಿಂದ ಸೋಮವಾರದವರೆಗೆ ಆರಾಧನೆ, ಬೇರೆ ಊರಿನವರೆಲ್ಲ ಬರ್ತಾರೆ, ಮನೆಮನೆಯಲ್ಲಿ ಉಳೀತಾರೆ. ನಮ್ಮಲ್ಲಿ ನೆಸ್ ಊರಿನ ಟಾರ್ಕ್ವಿಲ್, ಸಭೆಯ ಹಿರಿಯ, ಮತ್ತು ಸ್ಕಾಲ್ಪೆಯ ಎಫ್ಫಿ ಅಜ್ಜಿ. ಇನ್ನಿಬ್ಬರು ಬರಬಹುದು. ಇನ್‌ಸ್ಪೆಕ್ಷನ್ನಿನ ಹಿಂದಿನ ವಾರಕ್ಕೇ ಬರಬೇಕೇ ಇದು. ಹಾಗೆ ಬರೆಯಬಾರದು. ಆದರೂ.

ಅಕ್ಟೋಬರ್ 12, ಗುರುವಾರ. ರಾತ್ರಿ

ಬಂದರು. ಎಫ್ಫಿಗೆ ಎಂಬತ್ತಾರು, ಬಾಯಿಗೆ ಮಾತ್ರ ಇಪ್ಪತ್ತು. ಬಾಗಿಲಲ್ಲೇ ನನ್ನ ಕೆನ್ನೆ ಹಿಡಿದು, "ಇನ್ನೂ ಯಾವುದಕ್ಕೋ ಹೆದರ್ತಾನೇ ಇದ್ದೀಯ ಮಗಳೇ. ಈ ಸಲ ಯಾವುದಕ್ಕೆ?" ಅಂದಳು.

"ಜಿಂಕೆಗೆ."

"ಹೋದ ಸಲ ಗ್ಯಾಸ್ ಸಿಲಿಂಡರ್‌ಗೆ ಇತ್ತು. ಪರವಾಗಿಲ್ಲ, ಸುಧಾರಿಸಿದೆ."

ಟಾರ್ಕ್ವಿಲ್ ನಲವತ್ತು ವರ್ಷ ಹೆರಿಂಗ್ ಮೀನು ಹಿಡಿದವರು, ಈಗ ಮಾತನ್ನೂ ಬಲೆ ಹಾಕಿ ಹಿಡಿದು ಬಿಡ್ತಾರೆ. ಎಫ್ಫಿ ಒಂದು ಅಂದರೆ ಇವರು ಒಂದು. ಮನೆ ತುಂಬ ಒದ್ದೆ ಕೋಟು. ಮಳೆ.

ಅಕ್ಟೋಬರ್ 14, ಶನಿವಾರ. ಬೆಳಿಗ್ಗೆ 8

ಎರಡು ದಿನದ ಮಳೆಗೆ ತೊರೆ ಕೆಂಪಗೆ ನುಗ್ಗಿದೆ. ಹೋಗಿ ಗೇಟು ಎತ್ತಿ ಕಟ್ಟಿ ಬಂದೆ, ಹುಲ್ಲಿನ ಹೊರೆ ಕಟ್ಟೋ ನೀಲಿ ಹಗ್ಗ, ಎರಡು ಗಂಟು. ಫಿನ್ಲೇಗೆ ಹೇಳಿಲ್ಲ, ಅವನಿಗೆ ಕೀರ್ತನೆಯ ಚಿಂತೆ. ನಾಳೆ ಚರ್ಚಿನಲ್ಲಿ ಸಾಲು ಎತ್ತಿಕೊಡೋನು ಅವನೇ. ಅವನು ಒಂದು ಸಾಲು ಹಾಡಿ ಬಿಟ್ಟರೆ ಹಿಂದೆ ಮುನ್ನೂರು ಜನ. ಇಪ್ಪತ್ತೆರಡು ವರ್ಷದಿಂದ.

ಸಂಜೆ ನೀರು ಇಳಿದ ಮೇಲೆ ಗೇಟು ಬಿಡಬೇಕು. ಕತ್ತಲಾಗುವ ಮೊದಲು.

ಶನಿವಾರ, ರಾತ್ರಿ 10.50

ನಾಳೆ ಸಬ್ಬತ್, ದೇವರ ದಿನ, ಯಾವ ಕೆಲಸವೂ ಮಾಡೋ ಹಾಗಿಲ್ಲ, ಎಲ್ಲ ಇವತ್ತೇ ಆಗಬೇಕು. ಆಲೂಗಡ್ಡೆ ಸುಲಿದು ನೀರಲ್ಲಿ ಹಾಕಿದೆ. ಕುರಿಮಾಂಸದ ಸೂಪು ಎರಡು ದೊಡ್ಡ ಪಾತ್ರೆ. ಸುಡುವ ಪೀಟ್ ಹೆಂಟೆ ಮೂರು ಬುಟ್ಟಿ ಒಳಗೆ. ಕೋಳಿಗೆ ಕಾಳು ಅಳೆದಿಟ್ಟೆ. ಬೂಟು ಆರು ಜೊತೆ ಪಾಲಿಶ್ ಮಾಡಿಟ್ಟೆ. ಇನ್ನಿಬ್ಬರು ಬರಬಹುದು ಅಂದವರು ನಾಲ್ಕು ಜನ ಬಂದರು, ಹಾಸಿಗೆ ಸಾಲದೆ ಡೊಲಿನಾ ಮನೆಯಿಂದ ಎರಡು ತಂದೆ. "ನಿನ್ನ ಮರಗಳ ಕೆಳಗೆ ಮಲಗಿಸು, ನೆರಳಿದೆಯಲ್ಲ" ಅಂದಳು. ಕೊಟ್ಟಳು ಮಾತ್ರ, ಕಂಬಳಿ ಸಮೇತ.

ಮಳೆ ನಿಂತಿದೆ. ನಕ್ಷತ್ರ ಕಾಣ್ತಿವೆ. ಬೆನ್ನು ನೋವು. ಏನೋ ಬಿಟ್ಟಿದ್ದೀನಿ ಅನ್ನಿಸ್ತಿದೆ, ಆದರೆ ನನಗೆ ಯಾವಾಗಲೂ ಹಾಗನ್ನಿಸುತ್ತೆ.

ಅಕ್ಟೋಬರ್ 16, ಸೋಮವಾರ. ಬೆಳಿಗ್ಗೆ 5

ನಿನ್ನೆ ಸಬ್ಬತ್, ಪೆನ್ನು ಮುಟ್ಟೋ ಹಾಗಿರಲಿಲ್ಲ. ಈಗ ಬರೀತೀನಿ.

ಚರ್ಚು ಕೊಲ್ಲಿಯ ಆಚೆ ದಡದಲ್ಲಿದೆ. ನಾನು ಕೂರೋದು ಕಿಟಕಿ ಪಕ್ಕ, ಕಿಟಕಿಯಿಂದ ನಮ್ಮ ಗುಡ್ಡ. ಪ್ರಭುಭೋಜನದ ಬಿಳಿ ಬಟ್ಟೆ ಹಾಸಿದ ಮೇಜು ಮುಂದೆ ಇದೆ. ನಾನು ಆ ಮೇಜಿಗೆ ಯಾವತ್ತೂ ಹೋದವಳಲ್ಲ, ನನ್ನ ಯೋಗ್ಯತೆ ನನಗೆ ಗೊತ್ತು, ಹಿಂದೆ ಕೂತು ಕೇಳೋಳು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಫಿನ್ಲೇ ಎದ್ದ. ಮೊದಲ ಸಾಲು ಎತ್ತಿದ. ನಾವೆಲ್ಲ ಅವನ ಹಿಂದೆ ಹಾಡಿದೆವು. ಎರಡನೇ ಸಾಲಿಗೆ ಸುಮ್ಮನೆ ಕಿಟಕಿ ಕಡೆ ಕಣ್ಣು ಹೋಯ್ತು.

ಬೇಲಿಯೊಳಗೆ ಕಂದು ಚುಕ್ಕಿ. ಕಲ್ಲು ಅಂದುಕೊಂಡೆ. ಕಲ್ಲು ನಡೀತು.

ಆಗ ನೆನಪಾಯ್ತು. ಗೇಟು. ಎರಡು ಗಂಟು.

ಎಣಿಸಿದೆ. ದೇವರ ಮನೆಯಲ್ಲಿ, ಕೀರ್ತನೆಯ ನಡುವೆ, ಎಣಿಸಿದೆ. ಹೆಣ್ಣು ಆರು. ಕೊಂಬಿನದು ಒಂದು. ಏಳು. ಎದ್ದು ಓಡಬೇಕು. ಆ ದಿನ, ಆ ಮೇಜಿನ ಮುಂದೆ ಯಾರು ಎದ್ದು ಹೋಗ್ತಾರೆ? ಸಾಯೋ ಹಾಗಿದ್ದವರೂ ಕೂತೇ ಸಾಯ್ತಾರೆ. ಎರಡೂವರೆ ಗಂಟೆ ಕೂತೆ. ಹಾಡಲಿಲ್ಲ. ಫಿನ್ಲೇ ಮುಂದಿನಿಂದ ನನ್ನ ಮುಖ ನೋಡಿದ, ನಾನು ನೋಡುವ ಕಡೆ ನೋಡಿದ. ಒಂದು ಸಾಲು ಅರ್ಧ ಉಸಿರು ತಡವಾಗಿ ಎತ್ತಿದ. ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ನನಗೆ ಗೊತ್ತಾಯ್ತು.

ಮನೆಗೆ ಬಂದು ಸೂಪು ಬಡಿಸಿದೆ. ಸೌಟು ತಟ್ಟೆಗೆ ತಾಗಿ ಸದ್ದು. ಎಲ್ಲ ಬಾಯಿಬಿಟ್ಟೆ. ಗೇಟು ಕಟ್ಟಿದ್ದು, ಮರೆತದ್ದು, ಬುಧವಾರ ಎಣಿಸೋಕೆ ಬರ್ತಾರೆ ಅನ್ನೋದು, ಎಲ್ಲ.

ಟಾರ್ಕ್ವಿಲ್ ಹೇಳಿದರು: "ಹಳ್ಳಕ್ಕೆ ಬಿದ್ದ ಕುರೀನ ಸಬ್ಬತ್ತಿನಲ್ಲೂ ಎತ್ತಬಹುದು. ಅದು ದಯೆ. ಗಿಡ ಹಳ್ಳಕ್ಕೆ ಬಿದ್ದಿಲ್ಲವಲ್ಲ ತಾಯಿ."

"ಗಿಡ ಹ್ಯಾಗೆ ಬೀಳುತ್ತೆ ಟಾರ್ಕ್ವಿಲ್?" ಎಫ್ಫಿ ಅಂದಳು. "ಅದಕ್ಕೆ ಕಾಲಿದ್ದಿದ್ದರೆ ಜಿಂಕೆ ನೋಡಿ ತಾನೇ ಓಡ್ತಿತ್ತು."

"ಜಿಂಕೆಗೆ ಏನಾದರೂ ಕಷ್ಟ ಆಗಿದ್ದರೆ ಬೇರೆ ಮಾತು."

"ಅವಕ್ಕೆ ಏನು ಕಷ್ಟ" ಅಂದೆ. ಅಳು ಬಂತು. "ನಮಗಿಂತ ಚೆನ್ನಾಗಿ ಊಟ ಮಾಡ್ತಿವೆ."

"ನೀನು ಸುಮ್ಮನಿರು. ನಿನಗೆ ವಾದ ಮಾಡೋಕೆ ಬರಲ್ಲ." ಎಫ್ಫಿ ಟಾರ್ಕ್ವಿಲ್ ಕಡೆ ತಿರುಗಿದಳು. "ಆರಡಿ ಬೇಲಿಯೊಳಗೆ ಕಾಡುಪ್ರಾಣಿ ಸಿಕ್ಕಿಕೊಂಡಿದೆ. ಬಂದ ದಾರಿ ಮರೆತಿದೆ. ಗಾಬರಿಗೆ ತಂತಿ ಮೇಲೆ ಹಾರಿ ಕಾಲು ಮುರ್ಕೊಂಡರೆ ನಾಳೆ ಯಾರು ಉತ್ತರ ಹೇಳ್ತಾರೆ? ನೀವೇ?"

"ಮೀನು ಬುಟ್ಟಿಯೊಳಗೆ ಕೂತ ಬೆಕ್ಕಿಗೂ ಇದೇ ವಾದ ಮಾಡ್ತೀಯ ನೀನು."

"ಬೆಕ್ಕು ನಿಮ್ಮದಾದರೆ ಮಾಡ್ತಿದ್ದೆ."

ಯಾರೋ ಮೂಗಿನಲ್ಲಿ ನಕ್ಕರು. ಫಿನ್ಲೇ ಸೂಪು ತಿನ್ನುತ್ತಲೇ ಇದ್ದ. ತಲೆ ಎತ್ತಲಿಲ್ಲ. ಕೊನೆಗೆ ಅಂದ: "ಅಟ್ಟೋದು ಕೆಲಸ. ನಾಯಿ ಬಿಡೋದು ಕೆಲಸ. ಗೇಟು ಇಳಿಸೋದು ಕೆಲಸ. ನಾಳೆ ಬೆಳಿಗ್ಗೆ ನೋಡೋಣ."

"ನಾಳೆ ಬೆಳಿಗ್ಗೆ ನೋಡೋಕೆ ಏನಿರುತ್ತೆ ಫಿನ್ಲೇ?" ಅಂದೆ.

ಅವನು ಇನ್ನೊಂದು ಆಲೂಗಡ್ಡೆ ಹಾಕಿಕೊಂಡ.

ಎಫ್ಫಿ ಬಾಯಿ ಒರೆಸಿಕೊಂಡಳು. "ಊಟ ಆದ ಮೇಲೆ ಮನೆಯವರು, ಅತಿಥಿಗಳು ಸೇರಿ ಒಂದು ಕೀರ್ತನೆ ಹಾಡ್ತೀವಿ, ಹೌದಲ್ಲ? ಅದನ್ನ ನಾಲ್ಕು ಗೋಡೆ ನಡುವೇ ಹಾಡಬೇಕು ಅಂತ ಯಾವ ಪುಸ್ತಕದಲ್ಲಿದೆ? ನಮ್ಮಜ್ಜಿ ಕಾಲದಲ್ಲಿ ಪ್ರಭುಭೋಜನವೇ ಗುಡ್ಡದ ಮೇಲೆ ನಡೀತಿತ್ತು, ಚರ್ಚಿನಲ್ಲಿ ಜಾಗ ಸಾಲದೆ. ನನಗೆ ಈ ಮನೆಯಲ್ಲಿ ಸೆಖೆ. ನಾನು ತೊರೆ ಹತ್ತಿರ ಹಾಡ್ತೀನಿ. ಯಾರು ಬರ್ತೀರಿ?"

ಅಕ್ಟೋಬರಿನಲ್ಲಿ ಸೆಖೆ!

ಟಾರ್ಕ್ವಿಲ್ ಮೇಜಿನ ಬಟ್ಟೆಯ ಅಂಚು ಸರಿಮಾಡಿದರು. ಆಮೇಲೆ ಎದ್ದು ಕೋಟು ಕೇಳಿದರು.

ಏಳು ಜನ ಹೋದೆವು. ಕರಿ ಕೋಟು, ಕರಿ ಟೋಪಿ, ಚರ್ಚಿನ ಬೂಟು. ಎಫ್ಫಿಯನ್ನ ಇಬ್ಬರು ಹಿಡಿದುಕೊಂಡರು. ಹೆಣದ ಹಿಂದೆ ಹೋಗುವವರ ಹಾಗೆ ಕಂಡಿರಬೇಕು, ಹೆಣ ಇಲ್ಲ ಅಷ್ಟೇ. ದಾರಿಯ ಎರಡೂ ಕಡೆ ಕಿಟಕಿ ಪರದೆ ಅಲ್ಲಾಡ್ತಿತ್ತು. ಡೊಲಿನಾ ಮನೆಯ ಪರದೆ ಅಲ್ಲಾಡಲಿಲ್ಲ, ಪೂರ್ತಿ ಸರಿದಿತ್ತು. ಫಿನ್ಲೇ ಬರಲಿಲ್ಲ. ಅರ್ಧ ದಾರಿಯಲ್ಲಿ ತಿರುಗಿ ನೋಡಿದೆ — ಕೀರ್ತನೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನೂರು ಗಜ ಹಿಂದೆ ಬರ್ತಿದ್ದ. ನಮ್ಮ ಜೊತೆ ಬಂದ ಹಾಗಲ್ಲ, ತಾನು ಬೇರೆ ಬಂದ ಹಾಗೆ.

ಬೇಲಿಯೊಳಗೆ ಮೇಲಿನ ಕಡೆಯ ಬಾಗಿಲಿನಿಂದ ಹೋಗಿ ನಿಂತೆವು. ಜಿಂಕೆಗಳು ಕೆಳಗೆ, ತೊರೆ ಪಕ್ಕ. ತಲೆ ಎತ್ತಿ ನೋಡಿದವು. ಯಾರೂ ಕೈ ಬೀಸಲಿಲ್ಲ, ಹೋ ಅನ್ನಲಿಲ್ಲ. ಫಿನ್ಲೇ ಸಾಲು ಎತ್ತಿದ. ನಾವು ಅವನ ಹಿಂದೆ ಹಾಡಿದೆವು. ಹಾಡುತ್ತ ಹಾಡುತ್ತ ಎಫ್ಫಿ ಒಂದು ಹೆಜ್ಜೆ ಮುಂದಿಟ್ಟಳು. ಮುದುಕಿ ಬೀಳಬಾರದು ಅಂತ ನಾವೂ ಒಂದು ಹೆಜ್ಜೆ. ಸಾಲಿಗೊಂದು ಹೆಜ್ಜೆ. ಹೆಣ್ಣುಗಳು ಕಿವಿ ತಿರುಗಿಸಿದವು, ಒಂದರ ಹಿಂದೆ ಒಂದು ತೊರೆಗಿಳಿದು ಗೇಟಿನ ಕೆಳಗೆ ಹಾದು ಹೋದವು, ಅವಸರವೇ ಇಲ್ಲದೆ. ಗಂಡು ಮಾತ್ರ ನಿಂತಿತು. ಒಂದು ರೋವನ್‌ಗೆ ಕೊಂಬು ಉಜ್ಜುತ್ತಿತ್ತು. ಸಿಪ್ಪೆ ಹರಿಯೋ ಸದ್ದು ಕೀರ್ತನೆಯ ನಡುವೆ ಕೇಳ್ತಿತ್ತು. ನಮ್ಮ ಕಡೆ ನೋಡಿ ಒಂದು ಸಲ ಕೂಗಿತು, ಫಿನ್ಲೇ ಮುಂದಿನ ಸಾಲು ಅದಕ್ಕಿಂತ ಗಟ್ಟಿಯಾಗಿ ಎತ್ತಿದ. ಹೋಯ್ತು.

ಆಮೇಲೆ ಗೇಟು. ಎಲ್ಲರೂ ಆ ನೀಲಿ ಹಗ್ಗ ನೋಡಿದೆವು. ಹಾಡು ಮುಗಿದಿತ್ತು. ಬಿಟ್ಟು ಹೋದರೆ ಅರ್ಧ ಗಂಟೆಯಲ್ಲಿ ವಾಪಸ್ ಬರ್ತವೆ, ಎಲ್ಲರಿಗೂ ಗೊತ್ತು. ನಾನು ಮುಂದೆ ಹೋದೆ. ಕಟ್ಟಿದ್ದು ನಾನು, ಪಾಪ ನನ್ನದೇ ಇರಲಿ ಅಂತ. ಫಿನ್ಲೇ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಪುಸ್ತಕ ನನ್ನ ಕೈಗೆ ಕೊಟ್ಟ. ಚರ್ಚಿನ ಕೋಟಿನಲ್ಲೇ ನೀರಿಗಿಳಿದ, ಮೊಣಕಾಲುದ್ದ. ಗಂಟು ನೆನೆದು ಕಲ್ಲಾಗಿತ್ತು. ಬೆರಳಿಗೆ ಬಗ್ಗಲಿಲ್ಲ. ಹಲ್ಲು ಹಾಕಿ ಬಿಚ್ಚಿದ. ಒಂದು. ಎರಡು. ಹಲಗೆ ದಡಕ್ಕನೆ ಬಿತ್ತು.

ಟಾರ್ಕ್ವಿಲ್ ಅಷ್ಟೂ ಹೊತ್ತು ನಮಗೆ ಬೆನ್ನು ಹಾಕಿ ಸಮುದ್ರ ನೋಡ್ತಿದ್ದರು. ಸದ್ದು ಆದ ಮೇಲೆ, "ಇನ್ನೊಂದು ಚರಣ ಹಾಡಬಹುದು" ಅಂದರು, ತಿರುಗದೆ.

ಫಿನ್ಲೇ ಹಾಡಲಿಲ್ಲ.

ಸೋಮವಾರ, ಸಂಜೆ

ಕೊನೆಯ ದಿನದ ಕೃತಜ್ಞತೆಯ ಆರಾಧನೆ. ಫಿನ್ಲೇ ಜಾಗದಲ್ಲಿ ಬೇರೆಯವರು ಸಾಲು ಎತ್ತಿದರು. ಅವನು ನನ್ನ ಪಕ್ಕ ಬಂದು ಕೂತ. ಅವರೇ ಬೇಡ ಅಂದರೋ ಇವನೇ ಬೇಡ ಅಂದನೋ. ಕೇಳಿದೆ. "ನಾನೇ ಹೇಳಿದೆ. ಸ್ವಲ್ಪ ದಿನ" ಅಂದ. ಎಷ್ಟು ದಿನ ಅಂತ ಕೇಳೋ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಕೂತು ಎಲ್ಲರ ಹಾಗೆ ಹಿಂದೆ ಹಾಡೋದು ಅವನಿಗೆ ಬರಲೇ ಇಲ್ಲ, ಎರಡು ಸಲ ಮೊದಲೇ ಬಾಯಿ ತೆರೆದು ಮುಚ್ಚಿಕೊಂಡ.

ನನ್ನಿಂದ. ಎರಡು ಗಂಟಿನಿಂದ.

ಅತಿಥಿಗಳು ಹೋದರು. ಹಾಸಿಗೆ ವಾಪಸ್ ಕೊಡೋಕೆ ಹೋದೆ. ಡೊಲಿನಾ: "ಗಿಡಕ್ಕೂ ಕೀರ್ತನೆ ಕಲಿಸ್ತಿದ್ದೀರಂತೆ?"

ಕಂಬಳಿ ಮಡಚಿಟ್ಟೆ.

"ನಿಮ್ಮಣ್ಣ ನೀರಲ್ಲಿ ನಿಂತದ್ದು ನೋಡಿದೆ. ನೆಗಡಿ ಆಗಿಲ್ಲ ತಾನೇ?" ಅಂದಳು. ಆಮೇಲೆ, "ಬುಧವಾರ ನಾನೂ ಬರ್ತೀನಿ. ಕ್ಲರ್ಕು ಇರಬೇಕು ಎಣಿಸೋವಾಗ."

ಅಕ್ಟೋಬರ್ 17, ಮಂಗಳವಾರ

ತಿಂದದ್ದು ನಲವತ್ತನಾಲ್ಕು. ತುದಿ ಕಡಿದವು ಚಿಗುರಬಹುದು. ಪೂರ್ತಿ ಮುರಿದವು ಒಂಬತ್ತು. ಎಲ್ಲ ತೊರೆಯ ಪಕ್ಕ, ಒಂದೇ ಕಡೆ. ಹಗ್ಗದ ಸುತ್ತು ಅಲ್ಲಿ ಬಿದ್ದರೆ ಮುಗೀತು. ಬೀಳದಿದ್ದರೆ… ಎಲ್ಲಿ ಹಾಕಬೇಕು ಅಂತ ಕಂಪ್ಯೂಟರ್ ಹೇಳುತ್ತಂತೆ.

ನಿದ್ದೆ ಇಲ್ಲ. ಹಡಗು ಬಿಡುತ್ತೋ ಇಲ್ಲವೋ, ಗಾಳಿ ಜೋರು.

ಅಕ್ಟೋಬರ್ 18, ಬುಧವಾರ

ಹಡಗು ಬಿಡಲಿಲ್ಲ. ನಾಳೆ.

ಏನೂ ತಿನ್ನಲಾಗಲಿಲ್ಲ.

ಅಕ್ಟೋಬರ್ 19, ಗುರುವಾರ. ಸಂಜೆ

ಹ್ಯಾಡೋ ಬಂದರು. ಮಳೆಕೋಟು. ಆದರೆ ಮುಖ ಇತ್ತು, ತೆಳ್ಳಗೆ, ಮೂಗು ಸೋರ್ತಿತ್ತು. ಒಳ್ಳೆಯವರು. ಜೊತೆಗೆ ಉನಾ. ಡೊಲಿನಾ ದೊಡ್ಡ ನೋಟ್‌ಬುಕ್ಕು ತಂದಿದ್ದಳು, ತನ್ನದೇ ಲೆಕ್ಕಕ್ಕೆ. ಫಿನ್ಲೇ ಹಗ್ಗದ ಗೂಟ ಹಿಡಿದ.

ಮೊದಲ ಏಳು ಸುತ್ತಿಗೆ ನೂರ ಹದಿನಾರು. ನಾಲ್ಕು ಜಾಸ್ತಿ. ಎಂಟನೆಯದು ತೊರೆಯ ಪಕ್ಕವೇ ಬಿತ್ತು. ಫಿನ್ಲೇ ನನ್ನ ಕಡೆ ನೋಡಲಿಲ್ಲ. ಮಳೆ ಹಿಡಿದಿತ್ತು ಆಗ. ಹ್ಯಾಡೋ ಒಂದೊಂದೇ ಗಿಡದ ಹತ್ತಿರ ಬಗ್ಗಿ ನೋಡಿದರು. ಹನ್ನೊಂದು. ಹನ್ನೆರಡನೆಯದು ಒಂದು ರೋವನ್ — ಕೊಂಬು ಉಜ್ಜಿ ಸಿಪ್ಪೆ ಸುಲಿದು, ನಡುವೆ ಮುರಿದು, ಗೇಣೆತ್ತರದ ಮೋಟು ಅಷ್ಟೇ.

"ಇದು ಸತ್ತಿದೆ" ಅಂದಳು ಡೊಲಿನಾ.

"ನೋಡೋಣ. ಬುಡದಲ್ಲಿ ಹಸಿರಿದ್ದರೆ ಬದುಕಿದ ಹಾಗೆ, ಮತ್ತೆ ಚಿಗುರುತ್ತೆ." ಹ್ಯಾಡೋ ಹೆಬ್ಬೆರಳ ಉಗುರಿನಿಂದ ಸಿಪ್ಪೆ ಕೆರೆದರು. ಬಗ್ಗಿ ನೋಡಿದರು. ಕನ್ನಡಕದ ಮೇಲೆ ನೀರು. "ಹಸಿರು" ಅಂದರು. ಹನ್ನೆರಡು ಅಂತ ಬರೆದರು.

ಒಂಬತ್ತನೆಯದು ಹದಿನೈದು. ಹತ್ತನೆಯದು, ಗುಡ್ಡದ ತುದಿ, ಹದಿನೇಳು.

ನಾನು ಆಗಲೇ ಕೂಡಿಸಿದ್ದೆ. ಅವರು ಪೆನ್ನು ಹಿಡಿದು ಎರಡು ಸಲ ಕೂಡಿಸಿದರು. ಡೊಲಿನಾ ತನ್ನ ನೋಟ್‌ಬುಕ್ಕಿನಲ್ಲಿ ಒಂದು ಸಲ.

"ನೂರ ಅರವತ್ತು" ಅಂದರು ಹ್ಯಾಡೋ. "ಸರಿಯಾಗಿ."

ಉನಾ ನನ್ನ ತಬ್ಬಿಕೊಂಡಳು. ಡೊಲಿನಾ ನೋಟ್‌ಬುಕ್ಕು ಮುಚ್ಚಿದಳು. "ಒಂದು ಕುರಿಯ ಬಾಯಿಗೂ ಸಾಲದಷ್ಟರಲ್ಲಿ ಗೆದ್ದೆ ನೋಡು. ಆಯ್ತು, ಇಟ್ಟುಕೋ ನಿನ್ನ ಕಾಡು" ಅಂದು ಕೈ ಕುಲುಕಿದಳು. ಗಟ್ಟಿಯಾಗಿ. ಫಿನ್ಲೇ ಹಗ್ಗ ಸುತ್ತುತ್ತ ಬಾಯೊಳಗೇ ಏನೋ ರಾಗ ಹಿಡಿದಿದ್ದ. ನಾಲ್ಕು ದಿನದಲ್ಲಿ ಮೊದಲ ಸಲ.

ಎಲ್ಲರಿಗೂ ಟೀ, ಸ್ಕೋನು. ಉನಾ ಹೇಳಿದಳು, ಕಾಗದ ಸೋಮವಾರ ಹೋಗುತ್ತೆ, ಆಮೇಲೆ ಯಾರೂ ಏನೂ ಮಾಡೋ ಹಾಗಿಲ್ಲ.

ಅಕ್ಟೋಬರ್ 20, ಶುಕ್ರವಾರ. ಬೆಳಿಗ್ಗೆ 8.40

ನಿದ್ದೆ ಬಂತು. ನಾಲ್ಕಕ್ಕೆ ಎಚ್ಚರ. ಮಳೆ ಇಲ್ಲ, ಬೆಳಗಾಗೋದನ್ನೇ ಕಾದು ಹೋದೆ. ಸುಮ್ಮನೆ ನೋಡೋಣ ಅಂತ. ಸುಮ್ಮನೆ ಅಂತ ಬರೆದರೆ ಸುಳ್ಳಾಗುತ್ತೆ.

ಎಂಟನೆಯ ಸುತ್ತು. ಆ ಮೋಟು ರೋವನ್. ಅವರು ಕೆರೆದ ಗುರುತು ಇದೆ, ಹೆಬ್ಬೆರಳಷ್ಟು. ಮೊಣಕಾಲೂರಿ ನೋಡಿದೆ. ಕಂದು. ರಾತ್ರಿಯಲ್ಲಿ ಒಣಗಿ ಬಣ್ಣ ತಿರುಗಿರಬಹುದು. ಸೇಬು ತಿರುಗೋಲ್ಲವೇ ಹಾಗೆ. ಪಕ್ಕದಲ್ಲಿ ನಾನೂ ಚೂರು ಕೆರೆದೆ. ಕಂದು. ಅಥವಾ ಹಸಿರು ಇತ್ತೋ, ನನ್ನ ಉಗುರಿನಡಿ ಮಣ್ಣಿತ್ತು. ಇನ್ನೂ ಕೆಳಗೆ ಕೆರೆಯೋಣ ಅಂತ ಬೆರಳಿಟ್ಟೆ, ತೆಗೆದೆ. ಬದುಕಿದ್ದರೆ ಈ ಕೆರೆತಕ್ಕೇ ಸಾಯುತ್ತೆ. ಸತ್ತಿದ್ದರೆ…

ಸತ್ತಿದ್ದರೆ ನೂರ ಐವತ್ತೊಂಬತ್ತು.

ಯಾರಿಗೂ ಗೊತ್ತಿಲ್ಲ. ಡೊಲಿನಾ ಕೈ ಕುಲುಕಿದ್ದಾಳೆ. ಸೋಮವಾರ ಕಾಗದ ಹೋದರೆ ಮುಗೀತು. ಮೂರು ದಿನ ಬಾಯಿ ಮುಚ್ಚಿಕೊಂಡರೆ ಸಾಕು, ನಡುವೆ ಒಂದು ಸಬ್ಬತ್ ಬೇರೆ.

ಶುಕ್ರವಾರ, 9.15

ಫಿನ್ಲೇಗೆ ಹೇಳಿದೆ. ಗಂಜಿ ತಿನ್ನುತ್ತಿದ್ದ. ಚಮಚ ಕೆಳಗಿಟ್ಟ. ಕಿಟಕಿಯಿಂದ ಗುಡ್ಡ ನೋಡಿದ. ಬೈತಾನೆ ಅಂದುಕೊಂಡೆ. ಬೈಯಲಿ ಅಂದುಕೊಂಡೆ.

"ಮೂರು ಸಾವಿರ ಗಿಡದಲ್ಲಿ ಅದೊಂದನ್ನೇ ಹುಡುಕಿಕೊಂಡು ಹೋಗಬೇಕಿತ್ತೇ ನೀನು?"

"ಹೋಗಿಬಿಟ್ಟೆ."

"ನೋಡಿಬಿಟ್ಟೆ."

"ಹೂಂ."

ಮತ್ತೆ ಚಮಚ ಎತ್ತಿದ. ಗಂಜಿ ಮುಗಿಸಿದ. ಬಟ್ಟಲು ತಾನೇ ತೊಳೆದ, ಯಾವತ್ತೂ ತೊಳೆಯೋನಲ್ಲ. ಬಟ್ಟೆಯಿಂದ ಕೈ ಒರೆಸುತ್ತ ಹೇಳಿದ: "ಅಂಚೆ ವ್ಯಾನು ಹನ್ನೊಂದಕ್ಕೆ ಬರುತ್ತೆ. ಬರೆದು ಕೊಡು. ಫೋನಲ್ಲಿ ನೀನು ಅಳ್ತೀಯ."

ಒಳ್ಳೆ ಕಾಗದ ಹಾಳು ಮಾಡೋ ಮೊದಲು ಇಲ್ಲಿ ಬರೆದು ನೋಡ್ತೀನಿ.

ಪ್ರಿಯ ಉನಾ, ನಿನ್ನೆಯ ಉಪಕಾರ ಮರೆಯೋದಿಲ್ಲ. ಸ್ಕೋನು ಡಬ್ಬಿ ನಿನ್ನ ಕಾರಿನಲ್ಲೇ ಇದೆ, ಅವಸರವಿಲ್ಲ. ಸೋಮವಾರ ಕಾಗದ ಕಳಿಸಬೇಡ. ಮೊದಲು ಹ್ಯಾಡೋ ಅವರು, ಆಗದಿದ್ದರೆ ನೀನೇ, ಒಂದು ಸಲ ಬಂದು ಎಂಟನೆಯ ಸುತ್ತಿನ ಹನ್ನೆರಡನೆಯ ಗಿಡ ಮತ್ತೆ ನೋಡಬೇಕು. ತೊರೆ ಕಡೆಯಿಂದ ಎರಡನೇ ಸಾಲು, ರೋವನ್. ಗುರುತಿಗೆ ಕೆಂಪು ಉಣ್ಣೆ ನೂಲು ಕಟ್ಟಿದ್ದೀನಿ. ಬೆಳಕಿದ್ದಾಗ, ಮಳೆ ಇಲ್ಲದಾಗ ನೋಡಿ. ಅವರು ಕೆರೆದ ಕಡೆಯಲ್ಲ, ನಾನು ಕೆರೆದ ಕಡೆಯೂ ಅಲ್ಲ, ಇನ್ನೂ ಕೆಳಗೆ, ಬೇರಿಗೆ ಸೇರುವ ಜಾಗದಲ್ಲಿ, ಮಣ್ಣು ಸ್ವಲ್ಪ ಸರಿಸಿ ನೋಡಿ. ಅಲ್ಲೂ ಕಂದು ಇದ್ದರೆ ನೂರ ಐವತ್ತೊಂಬತ್ತು ಅಂತ ಬರೆಯಿರಿ.